ಹೊಲದ ಕೆಳಗಿನ ಹಾದಿ ಮರೆಯದಿರಲಿ

ಹುಕ್ಕೇರಿ–ಗೋಕಾಕ ಸೀಮೆಯಲ್ಲಿ ಕಬ್ಬಿನ ಕಟಾವು ಮುಗಿದು, ರವದಿ ಸುಟ್ಟು, ಹೊಲ ಬಯಲಾದ ಮೇಲೆ ಕೆಲವು ಬದುಗಳ ಮೇಲೆ ಹಳದಿ ಬಣ್ಣದ ಮೋಟು ಕಂಬಗಳು ಕಣ್ಣಿಗೆ ಬೀಳುತ್ತವೆ. ಬೆಳೆ ನಿಂತಿರುವಾಗ ಅವು ಕಾಣುವುದೇ ಇಲ್ಲ. ಬಿಸಿಲಿಗೆ ಬಣ್ಣ ಮಾಸಿದೆ, ಒಂದೆರಡು ವಾಲಿವೆ. ಹತ್ತಿರ ಹೋಗಿ ಓದಿದರೆ ಕೆಳಗೆ ಅಧಿಕ ಒತ್ತಡದ ಅನಿಲ ಕೊಳವೆ ಇದೆ, ಅಗೆಯಬೇಡಿ ಎಂಬ ಎಚ್ಚರಿಕೆ; ಅದರ ಕೆಳಗೊಂದು ದೂರವಾಣಿ ಸಂಖ್ಯೆ. ಹೊಲದ ಯಜಮಾನನಿಗೆ ಇದು ಗೊತ್ತು. ಅವನ ಮಗನಿಗೂ ಗೊತ್ತಿರಬಹುದು. ಮುಂದೆ ಅದೇ ಹೊಲ ಕೊಳ್ಳುವವನಿಗೆ, ಅಲ್ಲಿ ಬಾವಿ ತೋಡಲು ಬರುವ ಜೆಸಿಬಿ ಚಾಲಕನಿಗೆ, ಪಕ್ಕದಲ್ಲಿ ಪ್ಲಾಟ್ ಹಾಕಿಸುವವನಿಗೆ ಗೊತ್ತಿರುತ್ತದೆಯೇ?

ಈ ಲೇಖನದ ಕಾಳಜಿ ಆ ಪ್ರಶ್ನೆಯದು. ನೆಲದಡಿಯ ಕೊಳವೆಯನ್ನು ಕಾಯುವುದು ಕಬ್ಬಿಣದ ದಪ್ಪವೊಂದೇ ಅಲ್ಲ. ಅದು ಅಲ್ಲಿದೆ ಎಂಬ ನೆನಪೂ ಅದನ್ನು ಕಾಯುತ್ತದೆ. ಕಬ್ಬಿಣ ಬೇಗ ಸವೆಯುವುದಿಲ್ಲ, ನೆನಪು ಮಾತ್ರ ಒಂದೇ ತಲೆಮಾರಿನಲ್ಲಿ ಅಳಿಸಿಹೋಗಬಲ್ಲದು.

ದಾಭೋಳದಿಂದ ಗೋಕಾಕದವರೆಗೆ

ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ದಾಭೋಳ ಕಡಲತೀರದಲ್ಲಿ ಹಡಗಿನಿಂದ ಇಳಿಯುವ ದ್ರವರೂಪದ ನೈಸರ್ಗಿಕ ಅನಿಲವನ್ನು ಮತ್ತೆ ಅನಿಲವಾಗಿಸಿ ಕೊಳವೆಗೆ ಬಿಡುತ್ತಾರೆ. ಸಾರ್ವಜನಿಕ ವಲಯದ ಗೇಲ್ ಸಂಸ್ಥೆ ಹಾಕಿದ ಆ ಕೊಳವೆ ಸಹ್ಯಾದ್ರಿ ಹತ್ತಿ, ಕೊಲ್ಲಾಪುರ ಸೀಮೆ ದಾಟಿ ಬೆಳಗಾವಿ ಜಿಲ್ಲೆಗೆ ಇಳಿಯುತ್ತದೆ. ಗೋಕಾಕ ಈ ಮಾರ್ಗದ ಮುಖ್ಯ ಕೂಡುಸ್ಥಳ. ಇಲ್ಲಿಂದ ಒಂದು ಕವಲು ಗೋವಾದ ಕಡೆ ಹೋದರೆ, ಮುಖ್ಯ ಮಾರ್ಗ ಧಾರವಾಡ, ಗದಗ, ದಾವಣಗೆರೆ, ಚಿತ್ರದುರ್ಗ, ತುಮಕೂರು ಜಿಲ್ಲೆಗಳನ್ನು ಹಾದು ಬಿಡದಿ–ಬೆಂಗಳೂರು ಸೇರುತ್ತದೆ. ಕವಲುಗಳೂ ಸೇರಿ ಉದ್ದ ಸುಮಾರು 1000 ಕಿ.ಮೀ. 2013ರಲ್ಲಿ ಅನಿಲ ಹರಿಯತೊಡಗಿದಾಗ ಕರ್ನಾಟಕ ಮೊದಲ ಬಾರಿಗೆ ದೇಶದ ಅನಿಲ ಜಾಲಕ್ಕೆ ಸೇರಿತು. ಇಂದು ಬೆಂಗಳೂರಿನ ಅಡುಗೆಮನೆಗೆ, ಆಟೊ ಮತ್ತು ಬಸ್ಸುಗಳಿಗೆ, ಕಾರ್ಖಾನೆಗಳಿಗೆ ಹೋಗುವ ಅನಿಲದ ಹಾದಿಯಲ್ಲಿ ನಮ್ಮ ಕಬ್ಬು, ಗೋವಿನಜೋಳದ ಹೊಲಗಳೂ ಇವೆ.

ನೆಲದಡಿ ಇರುವುದು ಇದೊಂದೇ ಅಲ್ಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಕಟ್ಟಿದ, 51 ಟಿಎಂಸಿ ಅಡಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯದಿಂದ ಬೆಳಗಾವಿ ನಗರಕ್ಕೆ ಕುಡಿಯುವ ನೀರು ಕೊಳವೆಯಲ್ಲೇ ಹೋಗುತ್ತದೆ. ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳ ಕೊಳವೆಗಳಿವೆ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಊರೂರಿನ ಓಣಿಯಡಿ ಹೊಸ ಜಾಲ ಹೆಣೆದಿದೆ. ಸಂಕೇಶ್ವರ, ಯಮಕನಮರಡಿ ಬದಿಯ ರಾಷ್ಟ್ರೀಯ ಹೆದ್ದಾರಿಯ ಅಂಚಿನಲ್ಲಿ ದೂರಸಂಪರ್ಕದ ಕೇಬಲ್‌ಗಳಿವೆ. ಇವೆಲ್ಲಕ್ಕೂ ಮೇಲೆ, ಘಟಪ್ರಭೆ ಮತ್ತು ಹಿರಣ್ಯಕೇಶಿಯ ದಂಡೆಯಿಂದ ದೂರದ ಹೊಲಗಳಿಗೆ ರೈತರು ಸಾಲ ಮಾಡಿ ಸ್ವಂತಕ್ಕೆ ಹಾಕಿಸಿಕೊಂಡ ನೀರಾವರಿ ಪೈಪ್‌ಲೈನ್‌ಗಳಿವೆ. ಎಷ್ಟೋ ಕಡೆ ಒಬ್ಬನ ಪೈಪ್‌ಲೈನ್ ಇನ್ನೊಬ್ಬನ ಹೊಲದಡಿ, ಅದನ್ನು ಅಡ್ಡ ಹಾಯ್ದು ಮತ್ತೊಬ್ಬನದು. ಈ ಸೀಮೆಯಲ್ಲಿ ನೆಲ ಅಗೆಯುವುದು ದಿನನಿತ್ಯದ ಕೆಲಸ. ಅಪಾಯಕ್ಕೆ ದಾರಿಯಾಗುವುದೂ ಅದೇ.

ಕಾನೂನು ತೆಗೆದುಕೊಂಡದ್ದೇನು, ಬಿಟ್ಟದ್ದೇನು

ಅನಿಲ ಕೊಳವೆ ಹಾದುಹೋದ ಹೊಲ ಸರ್ಕಾರದ ಪಾಲಾಯಿತೆಂದು ಅನೇಕರು ತಿಳಿದಿದ್ದಾರೆ. ಕೊಳವೆ ಹೂತು ಮಣ್ಣು ಮುಚ್ಚಿದ ಮೇಲೆ ಹೊಲ ಮೊದಲಿನಂತೆ ಪೂರ್ತಿ ನಮ್ಮದೇ ಎಂದು ತಿಳಿದವರೂ ಅಷ್ಟೇ ಜನರಿದ್ದಾರೆ. ಎರಡೂ ತಪ್ಪು.

1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗ ಕಾಯ್ದೆ ಭೂಮಿಯ ಒಡೆತನವನ್ನು ಮುಟ್ಟುವುದಿಲ್ಲ. ಅದು ತೆಗೆದುಕೊಳ್ಳುವುದು ಬಳಕೆಯ ಹಕ್ಕನ್ನು ಮಾತ್ರ. ಮೊದಲು ಅಧಿಸೂಚನೆ ಹೊರಡುತ್ತದೆ. ಆಕ್ಷೇಪಣೆಗೆ 21 ದಿನಗಳ ಅವಕಾಶವಿದೆ. ಸಕ್ಷಮ ಪ್ರಾಧಿಕಾರಿ ವಿಚಾರಣೆ ನಡೆಸಿ ವರದಿ ಕೊಟ್ಟ ಮೇಲೆ ಅಂತಿಮ ಘೋಷಣೆಯಾಗಿ, ಮಾರ್ಗ ಹಾಯುವ ಪಟ್ಟಿಯಷ್ಟು ಭೂಮಿಯಡಿ ಕೊಳವೆ ಹಾಕುವ ಮತ್ತು ಕಾಪಾಡುವ ಹಕ್ಕು ಸರ್ಕಾರಕ್ಕೆ ಅಥವಾ ಸಂಸ್ಥೆಗೆ ಸೇರುತ್ತದೆ. ಜನ ವಾಸಿಸುವ ಜಾಗ, ಮೊದಲೇ ಶಾಶ್ವತ ಕಟ್ಟಡವಿರುವ ಜಾಗ, ಮನೆಗೆ ಹೊಂದಿಕೊಂಡ ಹಿತ್ತಲು, ಇವುಗಳ ಅಡಿ ಕೊಳವೆ ಹಾಕುವಂತಿಲ್ಲ. ನೆಲದ ಮಟ್ಟದಿಂದ ಒಂದು ಮೀಟರ್‌ಗಿಂತ ಕಡಿಮೆ ಆಳದಲ್ಲಿಯೂ ಹಾಕುವಂತಿಲ್ಲ.

ರೈತನಿಗೆ ಮುಖ್ಯವಾದದ್ದು ಇದೇ ಕಾಯ್ದೆಯ 9ನೇ ಕಲಂ. ಅಧಿಸೂಚನೆಗೆ ಮೊದಲು ಭೂಮಿಯನ್ನು ಯಾವುದಕ್ಕೆ ಬಳಸುತ್ತಿದ್ದಿರೋ ಅದಕ್ಕೆ ಬಳಸುತ್ತಲೇ ಇರಬಹುದು. ಉಳಬಹುದು, ಬಿತ್ತಬಹುದು, ನೀರುಣಿಸಬಹುದು. ಮಾಡಬಾರದ್ದು ಮೂರು: ಮನೆಯಾಗಲಿ ಬೇರೆ ಯಾವ ಕಟ್ಟಡವಾಗಲಿ ಕಟ್ಟಬಾರದು; ಬಾವಿ, ಕೆರೆ, ಜಲಾಶಯ, ಒಡ್ಡು ತೋಡಬಾರದು, ಕಟ್ಟಬಾರದು; ಮರ ನೆಡಬಾರದು. ಕೊಳವೆಗೆ ಧಕ್ಕೆ ತರುವ ಯಾವ ಕೆಲಸವನ್ನೂ ಆ ನೆಲದಡಿ ಮಾಡಬಾರದೆಂದೂ ಅದೇ ಕಲಂ ಹೇಳುತ್ತದೆ. ಮೀರಿ ಕಟ್ಟಿದರೆ ಸಕ್ಷಮ ಪ್ರಾಧಿಕಾರಿ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಬಹುದು. ನ್ಯಾಯಾಲಯ ವಿಚಾರಣೆ ಮಾಡಿ ಕಟ್ಟಡ ತೆಗೆಸಬಹುದು, ಬಾವಿ ಮುಚ್ಚಿಸಬಹುದು, ಅದರ ಖರ್ಚನ್ನು ಕಟ್ಟಿದವನಿಂದಲೇ ವಸೂಲಿ ಮಾಡಬಹುದು. ಕೊಳವೆಗೆ ಉದ್ದೇಶಪೂರ್ವಕ ಹಾನಿ ಮಾಡುವ ಅಪರಾಧಕ್ಕಿದ್ದ ಶಿಕ್ಷೆಯನ್ನು 2011ರ ತಿದ್ದುಪಡಿ ಇನ್ನಷ್ಟು ಬಿಗಿಗೊಳಿಸಿತು.

ಬಾವಿ ಏಕೆ ಬೇಡ, ಮರ ಏಕೆ ಬೇಡ

‘ನನ್ನ ಹೊಲ, ನನ್ನ ಬಾವಿ, ಕೊಳವೆಯಿಂದ ಎಂಟು ಅಡಿ ದೂರ ಬಿಟ್ಟೇ ತೋಡುತ್ತೇನೆ’ ಎನ್ನುವ ರೈತನ ಮಾತಿನಲ್ಲಿ ಹಟವಿಲ್ಲ. ಅವನಿಗೆ ಕಾರಣ ಹೇಳಿದವರಿಲ್ಲ, ಅಷ್ಟೇ. ಕಾರಣ ಗೊತ್ತಾದರೆ ನಿಯಮ ಪಾಲಿಸುವುದು ಹಗುರವಾಗುತ್ತದೆ.

ಕೊಳವೆ ನಿಂತಿರುವುದು ಸುತ್ತಲಿನ ಮಣ್ಣಿನ ಹಿಡಿತದಲ್ಲಿ. ಪಕ್ಕದಲ್ಲಿ ಬಾವಿಯನ್ನೋ ಕೃಷಿ ಹೊಂಡವನ್ನೋ ತೋಡಿದರೆ ಆ ಕಡೆಯ ಮಣ್ಣು ಸಡಿಲುತ್ತದೆ. ಎರೆ ಮಣ್ಣಂತೂ ಮಳೆಗೆ ಉಬ್ಬಿ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹೊಂಡದ ಗೋಡೆ ಕುಸಿದರೆ ಕೊಳವೆಯ ಒಂದು ಭಾಗ ಆಸರೆಯಿಲ್ಲದೆ ತೂಗುತ್ತದೆ, ಬೆಸುಗೆಯ ಮೇಲೆ ಭಾರ ಬೀಳುತ್ತದೆ. ಮಣ್ಣು ತೆಗೆಯುವುದು ಹೇಗೆ ತಪ್ಪೋ ಮಣ್ಣು ಪೇರಿಸುವುದೂ ಹಾಗೇ. ಇಟ್ಟಿಗೆ ಭಟ್ಟಿಗೆಂದು ಮೇಲ್ಮಣ್ಣು ಕೆರೆದರೆ ಮಣ್ಣಿನ ಹೊದಿಕೆ ತೆಳುವಾಗುತ್ತದೆ. ಮನೆ ಕಟ್ಟಲು ತಂದ ಜಲ್ಲಿ, ಕಲ್ಲು, ಮರಳನ್ನು ಕೊಳವೆಯ ಮೇಲೆ ರಾಶಿ ಹಾಕಿದರೆ ಭಾರ ಇಳಿಯುವುದು ಕೊಳವೆಗೆ. ಜೊತೆಗೆ, ತುರ್ತಿನಲ್ಲಿ ರಿಪೇರಿಗೆ ಬಂದವರಿಗೆ ದಾರಿಯೇ ಇಲ್ಲದಂತಾಗುತ್ತದೆ.

ಮರದ ವಿಷಯ ಬೇರೆ. ಉಕ್ಕಿನ ಕೊಳವೆಗೆ ತುಕ್ಕು ಹಿಡಿಯದಂತೆ ಮೈತುಂಬ ಪಾಲಿಥಿಲೀನ್ ಹೊದಿಕೆ ಹಾಕಿರುತ್ತಾರೆ. ಆ ಹೊದಿಕೆ ಎಲ್ಲಾದರೂ ಕಿತ್ತರೂ ತುಕ್ಕು ಹಿಡಿಯದಿರಲೆಂದು ಕೊಳವೆಗೆ ಸಣ್ಣ ಪ್ರಮಾಣದ ನೇರ ವಿದ್ಯುತ್ ಹರಿಸುತ್ತಾರೆ. ಅದನ್ನು ಅಳೆಯಲು ಹೊಲದಲ್ಲಿ ಅಲ್ಲಲ್ಲಿ ಪುಟ್ಟ ಪೆಟ್ಟಿಗೆಯಿರುವ ಕಂಬಗಳಿರುತ್ತವೆ. ಆಳಕ್ಕೆ ಬೇರಿಳಿಸುವ ಮಾವು, ಬೇವು, ತೇಗ ಆ ಹೊದಿಕೆಯನ್ನು ಸುತ್ತಿಕೊಂಡು ಹರಿಯಬಲ್ಲವು. ಗಾಳಿಗೆ ಮರ ಬುಡಮೇಲಾದರೆ ಬೇರಿನ ಗಡ್ಡೆ ಕೊಳವೆಯನ್ನೇ ಮೀಟುತ್ತದೆ. ಕಬ್ಬು, ಜೋಳ, ಸೋಯಾ, ತಂಬಾಕಿನ ಬೇರಿನ ಬಹುಪಾಲು ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಅವಕ್ಕೆ ಅಡ್ಡಿಯಿಲ್ಲದಿರುವುದು ಅದಕ್ಕೇ.

ವಿದ್ಯುತ್ ಕಂಬಕ್ಕೂ ಇದೇ ಮಾತು. 1969ರಿಂದ ಹುಕ್ಕೇರಿ ತಾಲ್ಲೂಕಿಗೆ ವಿದ್ಯುತ್ ಹಂಚುತ್ತಿರುವುದು ರೈತರದೇ ಸಹಕಾರಿ ಸಂಘ. ರಾಜ್ಯದಲ್ಲಿ ಇಂಥ ವ್ಯವಸ್ಥೆ ಬೇರೆಲ್ಲೂ ಇಲ್ಲ. ಪಂಪ್‌ಸೆಟ್ಟಿಗೆ ಹೊಸ ಕಂಬ, ಟಿ.ಸಿ. (ಪರಿವರ್ತಕ), ಅರ್ಥಿಂಗ್ ಬೇಕಾದಾಗ ಜಾಗ ತೋರಿಸುವವನು ರೈತನೇ. ಕಂಬದ ಗುಂಡಿ ಕೊಳವೆಯ ಮೇಲೆ ಬೀಳಬಾರದು. ಅರ್ಥಿಂಗ್‌ನ ತಂತಿ ಹತ್ತಿರವಿದ್ದರೆ ಸೋರಿದ ವಿದ್ಯುತ್ತು ಕೊಳವೆಗೆ ಹರಿದು ತುಕ್ಕುತಡೆ ವ್ಯವಸ್ಥೆಯನ್ನೇ ಕೆಡಿಸಬಹುದು. ಕಂಬ ನಿಲ್ಲಿಸುವ ಲೈನ್‌ಮನ್‌ಗೆ ಇದನ್ನು ಹೇಳಿಕೊಡಬೇಕು.

ಬಕೆಟ್‌ನ ಹಲ್ಲು

ಕೊಳವೆಗೆ ದೊಡ್ಡ ಶತ್ರು ಯಂತ್ರ. ಜೆಸಿಬಿಯ ಬಕೆಟ್ಟಿಗೆ ಮುಂಚೂಣಿಯಲ್ಲಿ ಉಕ್ಕಿನ ಹಲ್ಲುಗಳಿವೆ. ಚಾಲಕ ಕೂತಿರುವುದು ಎತ್ತರದಲ್ಲಿ. ಗುಂಡಿಯ ತಳ ಅವನಿಗೆ ಸರಿಯಾಗಿ ಕಾಣುವುದಿಲ್ಲ. ಮಣ್ಣು, ಗರಸು, ಕಲ್ಲು, ಎಲ್ಲವನ್ನೂ ಕೈಯ ಅಂದಾಜಿನಲ್ಲೇ ತೆಗೆಯುತ್ತಾನೆ. ಗಟ್ಟಿಯಾದದ್ದು ತಗುಲಿದರೆ ಬಂಡೆಯೆಂದುಕೊಂಡು ಇನ್ನೊಮ್ಮೆ ಒತ್ತುತ್ತಾನೆ. ಗಂಟೆಗಿಷ್ಟು ಎಂಬ ಬಾಡಿಗೆಯ ಲೆಕ್ಕದಲ್ಲಿ ಇಳಿದು ನೋಡಲು ಪುರಸೊತ್ತಿಲ್ಲ. ಆ ಒಂದು ಒತ್ತಿನಲ್ಲಿ ಹಲ್ಲು ಹೊದಿಕೆಯನ್ನು ಸೀಳಿ, ಉಕ್ಕಿನ ಮೈಮೇಲೆ ಉದ್ದನೆಯ ಗೀರು ಎಳೆದು, ಒಂದಿಷ್ಟು ನೆಗ್ಗಿಸಿರುತ್ತದೆ. ಅನಿಲ ಹೊರಬರುವುದಿಲ್ಲ, ಸದ್ದಿಲ್ಲ, ಹೊಗೆಯಿಲ್ಲ. ಏನೂ ಆಗಲಿಲ್ಲವೆಂದು ಮಣ್ಣು ಮುಚ್ಚುತ್ತಾರೆ. ಟ್ರ್ಯಾಕ್ಟರ್ ಟಯರಿನ ಒಳಗಾಯ ಖಾಲಿ ಓಡುವಾಗ ಸುಮ್ಮನಿದ್ದು, ಕಬ್ಬು ಹೇರಿದ ದಿನ ಸಿಡಿಯುವಂತೆ, ಈ ಗೀರೂ ಒತ್ತಡ ಏರಿದ ದಿನಕ್ಕಾಗಿ ಕಾಯುತ್ತದೆ.

ಬೆಲ್ಜಿಯಂನ ಗಿಲೆಂಗಿಯನ್‌ನಲ್ಲಿ 2004ರ ಜುಲೈ 30ರಂದು ನಡೆದದ್ದು ಅದೇ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಹೊಸ ಕಾರ್ಖಾನೆಯ ನಿರ್ಮಾಣ ನಡೆದಿತ್ತು. ಕೆಲಸದ ವೇಳೆ ಯಂತ್ರವೊಂದು ನೆಲದಡಿಯ ಅಧಿಕ ಒತ್ತಡದ ಅನಿಲ ಕೊಳವೆಯನ್ನು ಗೀರಿತ್ತು. ಆಗ ಏನೂ ಆಗಲಿಲ್ಲ. ಆಮೇಲೊಂದು ದಿನ ಒತ್ತಡ ಏರಿಸಿದಾಗ ಗೀರು ಬಿದ್ದ ಜಾಗ ಸೋರತೊಡಗಿತು. ದೂರು ಬಂದು ಅಗ್ನಿಶಾಮಕ ದಳ ಧಾವಿಸಿತು. ಅವರು ಅಲ್ಲಿರುವಾಗಲೇ ಕೊಳವೆ ಸಿಡಿಯಿತು. ಅಗ್ನಿಶಾಮಕ ಸಿಬ್ಬಂದಿಯೂ ಸೇರಿ 24 ಜನ ಸತ್ತರು, ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್ ಊರಿನ ಕಥೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ 1994ರಲ್ಲಿ ನೀರು ಶುದ್ಧೀಕರಣ ಘಟಕದ ಕಾಮಗಾರಿಗೆ ನೆಲ ಅಗೆಯುವಾಗ ಪೆಟ್ರೋಲ್ ಕೊಳವೆಗೆ ಪೆಟ್ಟಾಗಿತ್ತು. ಐದು ವರ್ಷ ಕಳೆದು, 1999ರ ಜೂನ್ 10ರಂದು, ಒತ್ತಡ ಏರಿದಾಗ ಕೊಳವೆ ಅಲ್ಲಿಯೇ ಒಡೆಯಿತು. ಲಕ್ಷಾಂತರ ಲೀಟರ್ ಪೆಟ್ರೋಲ್ ಹಳ್ಳಕ್ಕೆ ಹರಿದು ಹೊತ್ತಿಕೊಂಡಿತು. ಹತ್ತು ವರ್ಷದ ಇಬ್ಬರು ಹುಡುಗರು, ಹದಿನೆಂಟರ ಒಬ್ಬ ಯುವಕ ತೀರಿಕೊಂಡರು. ಅಗೆದವರು ಕುಡಿಯುವ ನೀರಿನ ಒಳ್ಳೆಯ ಕೆಲಸಕ್ಕೇ ಅಗೆದಿದ್ದರು. ನಮ್ಮಲ್ಲೂ ಅಗೆಯುವವರಲ್ಲಿ ಹೆಚ್ಚಿನವರು ಒಳ್ಳೆಯ ಕೆಲಸದವರೇ: ಜಲಜೀವನ್ ಗುತ್ತಿಗೆದಾರ, ಉದ್ಯೋಗ ಖಾತ್ರಿಯ ಬದು, ಕೃಷಿ ಹೊಂಡದ ಕೂಲಿಗಳು, ರಸ್ತೆ ಅಗಲ ಮಾಡುವವರು. ಕೊಳವೆ ಇದೆಯೇ ಎಂದು ಕೇಳದೆ ಅಗೆದರೆ ಉದ್ದೇಶ ಎಷ್ಟು ಒಳ್ಳೆಯದಿದ್ದರೂ ಉಪಯೋಗವಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕೊಳವೆಗೆ ಬಕೆಟ್ ತಗುಲಿದೆ ಎಂಬ ಅನುಮಾನ ಬಂದರೂ ಸಾಕು, ಮಣ್ಣು ಮುಚ್ಚದೆ ಕಂಬದ ಮೇಲಿನ ಸಂಖ್ಯೆಗೆ ಫೋನ್ ಮಾಡಬೇಕು. ಬೈಸಿಕೊಳ್ಳುವ ಭಯಕ್ಕೆ ಮುಚ್ಚಿಟ್ಟ ಗೀರು ಹತ್ತು ವರ್ಷದ ಮೇಲೆ ಬೇರೆ ಯಾರದೋ ಮನೆಯವರ ಜೀವ ತೆಗೆಯಬಹುದು. ಅಂದೇ ಹೇಳಿದರೆ ಒತ್ತಡ ಇಳಿಸಿ, ಆ ಜಾಗ ತೆರೆದು, ಉಕ್ಕಿನ ತೋಳು ತೊಡಿಸಿಯೋ ತುಂಡು ಬದಲಿಸಿಯೋ ಸರಿಪಡಿಸಬಹುದು.

ಪಟ್ಟಿಯ ಆಚೆಗೂ ಅಪಾಯವಿದೆ

ಕಾನೂನು ಕಟ್ಟಬೇಡಿ ಎನ್ನುವುದು ಕೊಳವೆಯ ಮೇಲಿನ ಪಟ್ಟಿಯಲ್ಲಿ ಮಾತ್ರ. ಆ ಪಟ್ಟಿಯ ಅಂಚಿಗೆ ತಾಗಿ ಮನೆ ಕಟ್ಟಿದರೆ 9ನೇ ಕಲಮಿನ ಪ್ರಕಾರ ತಪ್ಪಲ್ಲ. ಆದರೆ ದೊಡ್ಡ ಕೊಳವೆ ಒಡೆದರೆ ಬೆಂಕಿ ಪಟ್ಟಿಯ ಗಡಿ ನೋಡುವುದಿಲ್ಲ. ಶಾಖ ನೂರಾರು ಮೀಟರ್ ದೂರ ತಲುಪುತ್ತದೆ.

ಕೊಳವೆ ಹಾಕುವ ಮೊದಲು ಎಂಜಿನಿಯರುಗಳು ಮಾರ್ಗದ ಎರಡೂ ಬದಿ ಸುಮಾರು 200 ಮೀಟರ್ ಅಗಲ ಹಿಡಿದು, 1600 ಮೀಟರ್ ಉದ್ದದ ತುಂಡುಗಳಲ್ಲಿ ಮನೆಗಳನ್ನು ಎಣಿಸುತ್ತಾರೆ. ಹತ್ತಕ್ಕಿಂತ ಹೆಚ್ಚಿಲ್ಲದಿದ್ದರೆ ಅದು ಒಂದನೇ ದರ್ಜೆಯ ಪ್ರದೇಶ. 46 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೂರನೆಯದು, ಬಹುಮಹಡಿ ಕಟ್ಟಡಗಳು ಎದ್ದರೆ ನಾಲ್ಕನೆಯದು. ದರ್ಜೆ ಏರಿದಂತೆ ಕೊಳವೆಯ ಉಕ್ಕು ದಪ್ಪವಿರಬೇಕು. ಒಂದನೇ ದರ್ಜೆಯಲ್ಲಿ ಉಕ್ಕಿನ ಬಲದ ನೂರಕ್ಕೆ 72ರಷ್ಟನ್ನು ಬಳಸಿಕೊಳ್ಳಲು ಬಿಟ್ಟರೆ, ನಾಲ್ಕನೆಯದರಲ್ಲಿ 40ರಷ್ಟಕ್ಕೆ ನಿಲ್ಲಿಸುತ್ತಾರೆ. ಇದರ ಅರ್ಥ ಸರಳ. ಕಬ್ಬಿನ ಹೊಲವೆಂದು ಲೆಕ್ಕ ಹಾಕಿ ಹೂತ ಕೊಳವೆಯ ಪಕ್ಕ ನಾಳೆ ಐವತ್ತು ಮನೆಗಳ ಬಡಾವಣೆ ಎದ್ದರೆ, ಕೊಳವೆ ಮೊದಲಿನದೇ, ಲೆಕ್ಕ ಮಾತ್ರ ಸುಳ್ಳಾಯಿತು. ಆಗ ಸಂಸ್ಥೆ ಒತ್ತಡ ಇಳಿಸಬೇಕು ಇಲ್ಲವೇ ಕೊಳವೆ ಬದಲಿಸಬೇಕು.

ಆಂಧ್ರದ ಆಗಿನ ಪೂರ್ವ ಗೋದಾವರಿ ಜಿಲ್ಲೆಯ ನಗರಂನಲ್ಲಿ 2014ರ ಜೂನ್ 27ರ ಬೆಳಗಿನ ಜಾವ ಗೇಲ್ ಕೊಳವೆ ಸ್ಫೋಟಿಸಿ 20ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಯಾರೂ ಅಗೆದಿರಲಿಲ್ಲ. ನೀರಿನಂಶವಿದ್ದ ಅನಿಲದಿಂದ ಕೊಳವೆ ಒಳಗೇ ಸವೆದಿತ್ತು. ಆ ಹೊಣೆ ನಿರ್ವಾಹಕರದು. ಆದರೆ ಸಾವಿನ ಸಂಖ್ಯೆ ಅಷ್ಟಾದದ್ದು ಮನೆಗಳು, ಹೋಟೆಲು, ತೆಂಗಿನ ತೋಟಗಳು ಕೊಳವೆಗೆ ಅಷ್ಟು ಹತ್ತಿರ ಇದ್ದುದರಿಂದ. ಅಂತರ ಬಿಟ್ಟಿದ್ದರೆ ಸಂಸ್ಥೆಯ ತಪ್ಪಿಗೂ ಜನ ಅಷ್ಟು ದೊಡ್ಡ ಬೆಲೆ ತೆರಬೇಕಿರಲಿಲ್ಲ. ಸಂಕೇಶ್ವರ, ಘಟಪ್ರಭಾ, ಗೋಕಾಕ, ಮೂಡಲಗಿ ಸುತ್ತ ಹೊಲಗಳು ಪ್ಲಾಟ್‌ಗಳಾಗುತ್ತಿವೆ. ಊರು ಬೆಳೆಯುವುದನ್ನು ತಡೆಯಲಾಗದು. ಯಾವ ದಿಕ್ಕಿಗೆ ಬೆಳೆಯಬೇಕೆಂದು ಯೋಚಿಸುವುದಕ್ಕೆ ಮಾತ್ರ ಇನ್ನೂ ಕಾಲ ಮೀರಿಲ್ಲ.

ಉತಾರದಲ್ಲಿ ಬರೆಯದ ಸತ್ಯ

ನೆನಪು ಜಾರುವುದು ವಾಟ್ನಿಯಲ್ಲಿ, ಖರೀದಿಯಲ್ಲಿ. ನಾಲ್ಕು ಎಕರೆಯ ಹೊಲ ಮೂವರು ಅಣ್ಣತಮ್ಮಂದಿರಲ್ಲಿ ಹಂಚಿಕೆಯಾಗುತ್ತದೆ. ಕೊಳವೆ ಹಾದ ಭಾಗ ಒಬ್ಬನ ಪಾಲಿಗೆ ಬರುತ್ತದೆ. ಅವನು ಹತ್ತು ಗುಂಟೆ ಮಾರುತ್ತಾನೆ. ಕೊಂಡವನು ಮುಂದೆ ಎನ್.ಎ. (ಕೃಷಿಯೇತರ) ಮಾಡಿಸಿ ಪ್ಲಾಟ್ ಹಾಕುತ್ತಾನೆ. ಪರಿಹಾರದ ಹಣ ಪಡೆದವನು ಅಜ್ಜ, ಅಡಿಪಾಯ ತೋಡುತ್ತಿರುವವನು ಮೂರನೆಯ ಕೈಯವನು. ಅಧಿಸೂಚನೆ ರಾಜಪತ್ರದಲ್ಲಿದೆ, ನಕ್ಷೆ ಸಂಸ್ಥೆಯ ಕಚೇರಿಯಲ್ಲಿದೆ, ಹೊಲದಲ್ಲಿ ಇರುವುದು ವಾಲಿದ ಕಂಬ.

ನಮ್ಮ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, 11ನೇ ಕಾಲಂ ಇರುವುದೇ ಇಂಥದ್ದಕ್ಕೆ. ಇತರ ಹಕ್ಕುಗಳು ಮತ್ತು ಋಣಗಳನ್ನು ಬರೆಯುವ ಕಾಲಂ ಅದು. ಬ್ಯಾಂಕಿನ ಬೆಳೆಸಾಲ ತಪ್ಪದೆ ಅಲ್ಲಿ ಏರುತ್ತದೆ. ಕೊಳವೆಯ ಬಳಕೆಯ ಹಕ್ಕೂ ಅಷ್ಟೇ ತಪ್ಪದೆ ಪ್ರತಿ ಸರ್ವೆ ನಂಬರಿನಲ್ಲೂ ಪ್ರತಿ ಹಿಸ್ಸಾದಲ್ಲೂ ಇರಬೇಕು. ವಾಟ್ನಿಯಾದಾಗ ಹೊಸ ಹಿಸ್ಸಾಗಳಿಗೂ ದಾಟಬೇಕು. ಭಾಗಶಃ ಮಾರಾಟಕ್ಕೆ ನಮ್ಮಲ್ಲಿ 11ಇ ನಕ್ಷೆ ಕಡ್ಡಾಯವಿದೆ. ಅಳತೆಗೆ ಬಂದ ಸರ್ವೆಯರ್ ಆ ನಕ್ಷೆಯಲ್ಲಿ ಬಾವಿ, ದಾರಿ ಗುರುತಿಸುವಂತೆ ಕೊಳವೆಯ ಪಟ್ಟಿಯನ್ನೂ ಗುರುತಿಸಬೇಕು. ನಿಂತಲ್ಲೇ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ರಾಜ್ಯ ಸರ್ಕಾರದ ಬಳಿ ಇದೆ. ಅದರಲ್ಲಿ ಕೊಳವೆಯ ಪಟ್ಟಿಗೊಂದು ಗೆರೆ ಎಳೆದರೆ ಹೊಲ ಕೊಳ್ಳುವ ಪ್ರತಿಯೊಬ್ಬನೂ ಬದುವಿನಲ್ಲಿ ನಿಂತೇ ತಿಳಿದುಕೊಳ್ಳಬಹುದು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಕಂದಾಯ ಇಲಾಖೆ ಮತ್ತು ಸಂಸ್ಥೆಗಳು ಒಂದೇ ಮೇಜಿಗೆ ಕೂತರೆ ಸಾಕು.

ರೈತನ ಮಾತಿನಲ್ಲೂ ನ್ಯಾಯವಿದೆ

ಅಂತರ ಕಾಯಿರಿ ಎಂದು ರೈತನಿಗೆ ಹೇಳುವಾಗ ಅವನು ಕಳೆದುಕೊಂಡದ್ದನ್ನೂ ಒಪ್ಪಿಕೊಳ್ಳಬೇಕು. ಬಳಕೆಯ ಹಕ್ಕಿಗೆ ಕಾಯ್ದೆ ನಿಗದಿ ಮಾಡಿದ್ದು ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆಯ ಶೇ 10. ಬೆಳೆ, ಮರಗಳ ನಷ್ಟಕ್ಕೆ ಬೇರೆ ಪರಿಹಾರವಿದೆ. ಆದರೆ ಆ ಪಟ್ಟಿಯಲ್ಲಿ ಮುಂದೆಂದೂ ಮನೆ ಇಲ್ಲ, ಬಾವಿ ಇಲ್ಲ, ಮಾವಿನ ಗಿಡ ಇಲ್ಲ. ಊರು ಹತ್ತಿರ ಬಂದಾಗ ಪಕ್ಕದವನ ಗುಂಟೆಗೆ ಸಿಗುವ ಬೆಲೆ ಇವನಿಗೆ ಸಿಗುವುದಿಲ್ಲ. ಎರಡು ಎಕರೆಯ ಒಕ್ಕಲಿಗನಿಗೆ ಇದು ಸಣ್ಣ ಮಾತಲ್ಲ.

ಕೊಚ್ಚಿಯಿಂದ ಬರುವ ಕೊಳವೆಗೆ ತಮಿಳುನಾಡಿನ ರೈತರು ಒಡ್ಡಿದ ವಿರೋಧ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು; 2016ರಲ್ಲಿ ತೀರ್ಪು ಗೇಲ್ ಪರವಾಗಿ ಬಂತು. ಕೇರಳದಲ್ಲಿ 2017ರಲ್ಲಿ ಹೋರಾಟ ಕಾವೇರಿದಾಗ ಅಲ್ಲಿನ ಸರ್ಕಾರ ಪರಿಹಾರ ಹೆಚ್ಚಿಸಿತು, ಸೆಂಟ್ ಲೆಕ್ಕದ ಸಣ್ಣ ಹಿಡುವಳಿದಾರರಿಗೆ ವಿಶೇಷ ಮೊತ್ತ ಕೊಟ್ಟಿತು. ಕಾಸರಗೋಡಿನ ಚಂದ್ರಗಿರಿ ನದಿಯಡಿ ಕೊಳವೆ ದಾಟಿಸುವುದು ಕಷ್ಟವಾಗಿ ಕೆಲಸ ತಡವಾಯಿತು. 2021ರ ಜನವರಿ 5ರಂದು ಸುಮಾರು 450 ಕಿ.ಮೀ. ಉದ್ದದ ಕೊಚ್ಚಿ–ಮಂಗಳೂರು ಮಾರ್ಗ ಉದ್ಘಾಟನೆಯಾಯಿತು. ಪರಿಹಾರ ನ್ಯಾಯವಾಗಿದ್ದರೆ ರೈತನೇ ಕೊಳವೆಯ ಮೊದಲ ಕಾವಲುಗಾರನಾಗುತ್ತಾನೆ. ಅನ್ಯಾಯವಾಯಿತೆಂಬ ನೋವಿದ್ದರೆ ಹಳದಿ ಕಂಬ ಅವನಿಗೆ ಹಗೆಯಂತೆ ಕಾಣುತ್ತದೆ. ಶೇ 10ರ ಲೆಕ್ಕ ಅರುವತ್ತು ವರ್ಷ ಹಳೆಯದು, ಅದನ್ನು ಏರಿಸಲೇಬೇಕು.

ಸಂಸ್ಥೆಗಳ ಕರ್ತವ್ಯ ಹಣ ಕೊಟ್ಟು ಮುಗಿಯುವುದಿಲ್ಲ. ಮಾರ್ಗದುದ್ದಕ್ಕೂ ಕಾಲ್ನಡಿಗೆಯಲ್ಲಿ ಕಾವಲು ತಿರುಗುವ ಲೈನ್‌ವಾಕರ್‌ಗಳಿದ್ದಾರೆ. ಹೊಸ ಗುಂಡಿ, ಹೊಸ ಕಲ್ಲಿನ ರಾಶಿ, ಒಣಗಿದ ಬೆಳೆ ಮೊದಲು ಕಾಣುವುದು ಅವರಿಗೆ. ಅವರು ಆಯಾ ಊರಿನವರೇ ಆಗಿ, ಊರವರ ಭಾಷೆಯಲ್ಲೇ ಮಾತಾಡುವಂತಿರಬೇಕು. 2019ರ ಆಗಸ್ಟ್ ನೆರೆಯಲ್ಲಿ ಘಟಪ್ರಭೆ, ಮಾರ್ಕಂಡೇಯ ಉಕ್ಕಿ ಗೋಕಾಕ ಮುಳುಗಿದ್ದನ್ನು ಯಾರೂ ಮರೆತಿಲ್ಲ. ಅಂಥ ನೆರೆ ದಂಡೆಯ ಮಣ್ಣು ಕೊರೆದು ಕೊಳವೆಯ ಮೇಲಿನ ಮಣ್ಣಿನ ಹೊದಿಕೆಯನ್ನು ತೆಳುವಾಗಿಸುತ್ತದೆ. ಪ್ರತಿ ಮಳೆಗಾಲದ ನಂತರ ಹಳ್ಳ–ನದಿ ದಾಟುವ ಕಡೆಗಳಲ್ಲಿ ಆಳ ಅಳೆದು, ಫಲಿತಾಂಶವನ್ನು ಪಂಚಾಯ್ತಿಗೆ ತಿಳಿಸಬೇಕು.

ನೀರಿನ ಕೊಳವೆಗೂ ಅಂತರ ಬೇಕು

1962ರ ಕಾಯ್ದೆ ನೀರಿನ ಕೊಳವೆಗೆ ಅನ್ವಯಿಸುವುದಿಲ್ಲ. ಅದರಿಂದ ನೀರಿನ ಕೊಳವೆಯ ಮೇಲೆ ಗೋಡೆ, ಗೂಡಂಗಡಿ, ದನದ ಕೊಟ್ಟಿಗೆ ಏಳುವುದು ಸಾಮಾನ್ಯವಾಗಿದೆ. ಒಡೆದರೆ ಬೆಂಕಿ ಏಳುವುದಿಲ್ಲ ನಿಜ. ಆದರೆ ಜಲಾಶಯದಿಂದ ಎತ್ತಿ ಒತ್ತುವ ದೊಡ್ಡ ಕೊಳವೆ ಒಡೆದರೆ ಬೆಳೆ ಕೊಚ್ಚಿಹೋಗುತ್ತದೆ, ನಗರಕ್ಕೆ ದಿನಗಟ್ಟಲೆ ನೀರು ಬರುವುದಿಲ್ಲ. ಸಣ್ಣ ಸೀಳಿನಿಂದ ಚರಂಡಿ ನೀರು ಒಳನುಗ್ಗಿದರೆ ಊರಿಗೇ ವಾಂತಿಭೇದಿ. ಹಿಡಕಲ್‌ನಿಂದ ಧಾರವಾಡದ ಕೈಗಾರಿಕಾ ಪ್ರದೇಶಕ್ಕೆ ಕೊಳವೆಯಲ್ಲಿ ನೀರು ಒಯ್ಯುವ ಯೋಜನೆಗೆ 2025ರಲ್ಲಿ ಬೆಳಗಾವಿಯ ರೈತರು, ಸಂಘಟನೆಗಳು ವಿರೋಧ ಎತ್ತಿದರು. ನೀರು ಯಾರಿಗೆ ಎಂಬ ಪ್ರಶ್ನೆಯ ಜೊತೆಗೆ ಇನ್ನೊಂದು ಪ್ರಶ್ನೆಯೂ ಇದೆ: ಹೊಸ ಕೊಳವೆ ಯಾರ ಹೊಲದಡಿ, ಎಷ್ಟು ಅಗಲ, ಯಾವ ಕರಾರಿನ ಮೇಲೆ? ಇದನ್ನು ಮೊದಲೇ ಬರೆದಿಡದಿದ್ದರೆ ನಾಳೆ ಆ ಪಟ್ಟಿಯೂ ಮರೆತುಹೋಗುತ್ತದೆ.

ಅಗೆಯುವ ಮೊದಲು

ಏನು ಮಾಡಬೇಕು ಎನ್ನುವುದು ಕಷ್ಟದ್ದಲ್ಲ. ಹೊಲವನ್ನೋ ಪ್ಲಾಟನ್ನೋ ಕೊಳ್ಳುವ ಮೊದಲು ಉತಾರದ 11ನೇ ಕಾಲಂ ನೋಡಿ, ಸುತ್ತಲಿನ ಬದುಗಳಲ್ಲಿ ಕಂಬಗಳಿವೆಯೇ ಎಂದು ನಡೆದು ನೋಡಿ. ಎರಡು ಕಂಬಗಳ ನಡುವೆ ಕೊಳವೆ ನೇರವಾಗಿಯೇ ಇದೆ ಎಂದು ಊಹಿಸಬೇಡಿ, ತಿರುವಿರಬಹುದು. ಅನಿಲ ಕೊಳವೆಯನ್ನು ಅಡ್ಡ ದಾಟಿ ನೀರಾವರಿ ಪೈಪ್ ಹಾಕಬೇಕಿದ್ದರೆ ಮೊದಲೇ ಬರಹದಲ್ಲಿ ಅನುಮತಿ ಕೇಳಿ. ಸಂಸ್ಥೆಯ ಸಿಬ್ಬಂದಿ ಬಂದು ಕೊಳವೆಯ ಜಾಗ ಗುರುತಿಸಿ, ಅವರು ನಿಂತಿರುವಾಗ, ಹತ್ತಿರದ ಮಣ್ಣನ್ನು ಕೈಯಿಂದಲೇ ತೆಗೆಯಬೇಕು. ದೊಡ್ಡ ಕಾಮಗಾರಿ ಮಾಡುವವರಿಗಾಗಿ 2023ರ ಮಾರ್ಚ್ 22ರಂದು ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿದೆ. ಎಲ್ಲಿ ಅಗೆಯುತ್ತೀರೆಂದು ಅದರಲ್ಲಿ ತಿಳಿಸಿದರೆ ಅಲ್ಲಿ ಕೊಳವೆ, ಕೇಬಲ್ ಇರುವವರಿಗೆ ಸಂದೇಶ ಹೋಗುತ್ತದೆ. ಗ್ರಾಮ ಪಂಚಾಯ್ತಿಗಳು ತಮ್ಮ ಕಾಮಗಾರಿಗಳಿಗೆ ಇದನ್ನು ಬಳಸತೊಡಗಬೇಕು.

ದೂರದ ಮುಖ್ಯ ಕೊಳವೆಯ ಅನಿಲಕ್ಕೆ ಅಡುಗೆ ಅನಿಲದಂತೆ ವಾಸನೆ ಇರುವುದಿಲ್ಲ. ವಾಸನೆ ಬೆರೆಸುವುದು ಊರಿನ ಜಾಲಕ್ಕೆ ಇಳಿಸುವಾಗ. ಆದ್ದರಿಂದ ಮೂಗನ್ನು ನಂಬಿ ಕೂರುವಂತಿಲ್ಲ. ಬುಸ್ಸೆನ್ನುವ ಸದ್ದು, ಕಾರಣವಿಲ್ಲದೆ ಏಳುವ ದೂಳು, ನಿಂತ ನೀರಿನಲ್ಲಿ ಗುಳ್ಳೆ, ಹಸಿರಿನ ನಡುವೆ ಒಣಗಿದ ಒಂದು ತೇಪೆ ಕಂಡರೆ ಸಂಶಯಪಡಿ. ಬೀಡಿ, ಬೆಂಕಿಕಡ್ಡಿ ಬೇಡ. ಟ್ರ್ಯಾಕ್ಟರ್, ಪಂಪ್‌ಸೆಟ್ಟು ಚಾಲೂ ಮಾಡಬೇಡಿ. ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ದೂರ ಹೋಗಿ, ಬಳಿಕವಷ್ಟೇ ಫೋನ್ ಮಾಡಿ.

ಈ ವರ್ಷದ ಗ್ರಾಮಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: ನಮ್ಮೂರ ಸೀಮೆಯಲ್ಲಿ ಹಾದುಹೋದ ಕೊಳವೆಗಳ ನಕ್ಷೆ ಪಂಚಾಯ್ತಿ ಗೋಡೆಯ ಮೇಲೆ ಏಕಿಲ್ಲ? ನಕ್ಷೆ ತರಿಸಿ, ಅಂಟಿಸಿ, ಊರಿನ ಪ್ರತಿ ಜೆಸಿಬಿ ಚಾಲಕನಿಗೂ ತೋರಿಸಿ. ನಿಮ್ಮ ಹೊಲದಲ್ಲಿ ಕಂಬವಿದ್ದರೆ ಮಕ್ಕಳನ್ನು ಕರೆದೊಯ್ದು ಕೊಳವೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಹೇಳಿಕೊಡಿ. ಹೊಲ ಮಾರುವಾಗ ಕೊಳ್ಳುವವನಿಗೆ ಅದನ್ನು ಬಾಯಿಬಿಟ್ಟು ಹೇಳಿ, ಖರೀದಿ ಪತ್ರದಲ್ಲೂ ಬರೆಸಿ.